ಬೇರೆಯವರ ತಟ್ಟೆಯ ಮುಂದೆ



ಪರಸ್ಥಳಕ್ಕೆ ಹೋದವರನ್ನು ಅಲ್ಲಿನ ಭಾಷೆ, ಹವೆಗಳಿಗಿಂತ ಹೆಚ್ಚಾಗಿ ಅಲುಗಾಡಿಸುವುದು ಅಲ್ಲಿನ ಊಟ. ಮಾತು ಬಾರದಿದ್ದರೆ ಕೈಸನ್ನೆಯಲ್ಲಿ ದಿನ ದೂಡಬಹುದು, ಚಳಿಗೆ ಸ್ವೆಟರ್ ಹಾಕಿಕೊಳ್ಳಬಹುದು. ಹೊಟ್ಟೆ ಮಾತ್ರ ಹೊತ್ತು ಹೊತ್ತಿಗೂ ತನ್ನ ಪಾಲು ಕೇಳುತ್ತದೆ. ಈ ಅಲುಗಾಟಕ್ಕೆ ಸಮಾಜಶಾಸ್ತ್ರದಲ್ಲಿ ಸಾಂಸ್ಕೃತಿಕ ಆಘಾತ ಎಂಬ ಹೆಸರಿದೆ. ಅದನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಕಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಅವನು ಅದರ ಹಂತಗಳನ್ನು ಬಿಡಿಸಿ ಹೇಳಿದ. ಮೊದಲು ಎಲ್ಲವೂ ಚೆಂದ ಕಾಣುವ ಕಾಲ, ಆಮೇಲೆ ಎಲ್ಲದರ ಮೇಲೂ ಸಿಡುಕು, ನಂತರ ನಿಧಾನದ ಚೇತರಿಕೆ, ಕೊನೆಗೆ ಹೊಂದಾಣಿಕೆ. ಅವನು ಗುರುತಿಸಿದ ಲಕ್ಷಣಗಳಲ್ಲಿ ಪದೇ ಪದೇ ಕೈ ತೊಳೆಯುವುದು, ಕುಡಿಯುವ ನೀರು, ಊಟ, ಪಾತ್ರೆಗಳ ಬಗ್ಗೆ ಅತಿಯಾದ ಶಂಕೆ ಸೇರಿವೆ. ಇನ್ನೊಂದು ಲಕ್ಷಣ ಯಾವ ಹಾಸ್ಟೆಲಿನಲ್ಲಾದರೂ ಕಾಣಸಿಗುತ್ತದೆ: ಒಂದೇ ಸೀಮೆಯವರು ಒಟ್ಟಿಗೆ ಕೂತು, ಇಲ್ಲಿನವರೇ ಹೀಗೆ ಎಂದು ಗೊಣಗುವುದು.

ಈ ಆಘಾತ ದುರ್ಬಲ ಮನಸ್ಸಿನವರಿಗೆ ಮಾತ್ರ ಬರುವಂಥದ್ದಲ್ಲ. 1888ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತಿದ ಮೋಹನದಾಸ ಗಾಂಧಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಚಾಕು, ಫೋರ್ಕ್ ಹಿಡಿಯಲು ಬಾರದು. ಯಾವ ತಿನಿಸಿನಲ್ಲಿ ಮಾಂಸವಿಲ್ಲ ಎಂದು ಕೇಳಲು ಸಂಕೋಚ. ಹೀಗಾಗಿ ಅವರು ತಮ್ಮ ಕೋಣೆಯಲ್ಲೇ ಕೂತು, ಮನೆಯಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ, ಹಣ್ಣುಗಳಲ್ಲಿ ಹೊತ್ತು ಕಳೆದರು. ಲಂಡನ್ನಿನಲ್ಲಿ ಉಪ್ಪುಖಾರವಿಲ್ಲದ ಬೇಯಿಸಿದ ತರಕಾರಿ ಗಂಟಲಿಳಿಯಲಿಲ್ಲ. ಬೆಳಗಿನ ಓಟ್ಸ್ ಗಂಜಿ ಹೊಟ್ಟೆ ತುಂಬಿಸುತ್ತಿತ್ತು. ಮಧ್ಯಾಹ್ನ, ರಾತ್ರಿ ಅರೆಹೊಟ್ಟೆ. ತಾಯಿಗೆ ಕೊಟ್ಟ ಮಾತಿದ್ದುದರಿಂದ ಮಾಂಸ ಮುಟ್ಟುವಂತಿರಲಿಲ್ಲ. ಬೀದಿ ಬೀದಿ ಅಲೆದು ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲನ್ನು ಹುಡುಕಿಕೊಂಡರು. ಅಲ್ಲೇ ಮಾರಾಟಕ್ಕಿದ್ದ ಹೆನ್ರಿ ಸಾಲ್ಟ್ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು ಓದಿದ ಮೇಲೆ, ಅದುವರೆಗೆ ಬರೀ ವಚನಪಾಲನೆಯಾಗಿದ್ದ ಸಸ್ಯಾಹಾರ ಅವರಿಗೆ ಸ್ವಂತ ಆಯ್ಕೆಯಾಯಿತು. ಹೊರನಾಡಿನ ಊಟದೆದುರು ಸ್ವಂತ ರೂಢಿಯನ್ನು ಕಳೆದುಕೊಳ್ಳಲೇಬೇಕು ಎಂದೇನಿಲ್ಲ. ಅದಕ್ಕೆ ಕಾರಣ ಕೊಡಬಲ್ಲವರಾಗಿ ಮರಳುವವರೂ ಉಂಟು.

ಹೇವರಿಕೆ ಎಲ್ಲಿಂದ ಬರುತ್ತದೆ ಎಂಬುದು ಇಲ್ಲಿ ತಿಳಿದಿರಬೇಕಾದ ಸಂಗತಿ. ರುಚಿಯ ಪಾಠ ಗರ್ಭದಲ್ಲೇ ಶುರುವಾಗುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗರ್ಭಿಣಿಯಾಗಿದ್ದಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಕೂಸುಗಳು ಮುಂದೆ ಕ್ಯಾರೆಟ್ ರುಚಿಯ ಗಂಜಿಗೆ ಅಷ್ಟಾಗಿ ಮುಖ ಸಿಂಡರಿಸಲಿಲ್ಲ. ಅಸಹ್ಯವಂತೂ ಕಲಿತು ಬರುವುದೇ ಹೆಚ್ಚು. ತೆವಳುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದನ್ನು ನೋಡಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಜೊತೆಗಾರರು 1986ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಪೂರ್ತಿ ಕ್ರಿಮಿಶುದ್ಧ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರು. ಅಪಾಯವಿಲ್ಲ ಎಂದು ಗೊತ್ತಿದ್ದೂ ಜನ ಆ ರಸವನ್ನು ಒಲ್ಲೆ ಎಂದರು. ಹೊಟ್ಟೆ ತೊಳಸುವುದು ನಟನೆಯಲ್ಲ, ನಿಜ. ಆದರೆ ಅದರಿಂದ ತಿನಿಸಿನ ಗುಣ ಸಾಬೀತಾಗುವುದಿಲ್ಲ; ತಿನ್ನುವವನು ಎಲ್ಲಿ ಬೆಳೆದ ಎಂಬುದಷ್ಟೇ ಗೊತ್ತಾಗುತ್ತದೆ.

ತೊಳಸಿದ ಹೊಟ್ಟೆಯನ್ನೇ ಅಳತೆಗೋಲು ಮಾಡಿಕೊಂಡು, ಇಂಥದ್ದನ್ನು ತಿನ್ನುವವರು ಕೀಳು ಎಂದು ತೀರ್ಮಾನಿಸಿದಾಗ ಆಘಾತ ಇನ್ನೊಂದು ರೂಪಕ್ಕೆ ತಿರುಗುತ್ತದೆ. ತನ್ನ ಗುಂಪನ್ನೇ ನಡುವಿಗಿಟ್ಟು ಮಿಕ್ಕವರನ್ನೆಲ್ಲ ಅದರಿಂದ ಅಳೆಯುವ ಈ ಸ್ವಸಂಸ್ಕೃತಿಕೇಂದ್ರಿತ ದೃಷ್ಟಿಯನ್ನು ಅಮೆರಿಕದ ವಿಲಿಯಂ ಗ್ರಹಾಂ ಸಮ್ನರ್ 1906ರ ತನ್ನ ಗ್ರಂಥದಲ್ಲಿ ವಿವರಿಸಿದ. ವಿಷಯ ಮಾತ್ರ ಅವನಿಗಿಂತ ಬಹಳ ಹಳೆಯದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಒಂದು ಪ್ರಸಂಗದಲ್ಲಿ ಪರ್ಷಿಯಾದ ದೊರೆ ದರಾಯಸ್ ತನ್ನ ಆಸ್ಥಾನದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುವಿರಿ ಎಂದು ಕೇಳುತ್ತಾನೆ. ಎಷ್ಟು ಕೊಟ್ಟರೂ ಇಲ್ಲ ಎನ್ನುತ್ತಾರೆ ಅವರು. ಆಮೇಲೆ ಹಾಗೆ ತಿನ್ನುವ ಪದ್ಧತಿಯಿದ್ದ ಕಲ್ಲಾತಿಯರೆಂಬ ಭಾರತದ ಜನರನ್ನು ಕರೆಸಿ, ತಂದೆಯ ದೇಹವನ್ನು ಸುಡಲು ಏನು ಕೊಡಲಿ ಎನ್ನುತ್ತಾನೆ. ಅವರು ಚೀರಿಕೊಂಡು, ಅಂಥ ಮಾತನ್ನೇ ಆಡಬೇಡ ಎಂದು ಬೇಡುತ್ತಾರೆ. ಅಂಥ ಜನ ನಿಜಕ್ಕೂ ಇದ್ದರೋ ಇಲ್ಲವೋ, ಕಥೆ ಹೇಳಿದವನ ಇಂಗಿತ ಸ್ಪಷ್ಟ: ಪರರ ರೂಢಿಯನ್ನು ಗೇಲಿ ಮಾಡುವುದು ಬುದ್ಧಿ ಕೆಟ್ಟವರ ಕೆಲಸ.

ಈಗಿನ ಕಾಲಕ್ಕೆ ಬಂದರೆ, 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳಿಗಾಗಿ ಸುರಕ್ಷತೆಯ ಕಿರುಹೊತ್ತಿಗೆಯೊಂದನ್ನು ತಂದರು. ಬಿದಿರಿನ ಮೊಳಕೆ, ಅಖುನಿ ಮೊದಲಾದ ವಾಸನೆಯ ಅಡುಗೆಗಳನ್ನು ನೆರೆಹೊರೆಯಲ್ಲಿ ಗಲಾಟೆಯಾಗದಂತೆ ಮಾಡಿಕೊಳ್ಳಬೇಕು ಎಂಬ ಸಲಹೆ ಅದರಲ್ಲಿತ್ತು. ಅಖುನಿ ನಾಗಾಲ್ಯಾಂಡಿನ, ಅದರಲ್ಲೂ ಸುಮಿ ನಾಗಾ ಜನರ ಮೆಚ್ಚಿನ ಪದಾರ್ಥ. ಸೋಯಾ ಕಾಳನ್ನು ಮೆತ್ತಗೆ ಬೇಯಿಸಿ, ನೀರು ಬಸಿದು, ಒಲೆಯ ಕಾವಿನ ಹತ್ತಿರ ಕೆಲವು ದಿನ ಹುಳಿಯಲು ಬಿಟ್ಟು, ಘಾಟು ಏರಿದ ಮೇಲೆ ಜಜ್ಜಿ ಎಲೆಯಲ್ಲಿ ಕಟ್ಟಿಡುತ್ತಾರೆ. ಹಂದಿಮಾಂಸದ ಸಾರಿಗೆ ಇದರ ಒಂದು ಉಂಡೆ ಬಿದ್ದರೆ ಸಾಕು. ಇದೇ ಬಗೆಯಲ್ಲಿ ಹುಳಿಸಿದ ಸೋಯಾ ಜಪಾನಿನ ನತ್ತೊ. ಅದು ಪೌಷ್ಟಿಕ ಆಹಾರವೆಂದು ದೊಡ್ಡ ಪೇಟೆಗಳಲ್ಲಿ ಮಾರಾಟವಾಗುತ್ತದೆ. ಎರಡಕ್ಕೂ ಘಾಟಿದೆ. ಬಾಡಿಗೆ ಮನೆ ಖಾಲಿ ಮಾಡಿ ಎನ್ನಿಸಿಕೊಳ್ಳುವ ಭಯ ಇರುವುದು ಅಖುನಿಗೆ ಮಾತ್ರ. ದೆಹಲಿಯಲ್ಲಿ ಮದುವೆಯ ಊಟಕ್ಕೆಂದು ಅಖುನಿ ಬೇಯಿಸಲು ಪರದಾಡುವ ಗೆಳೆಯರ ಕಥೆಯನ್ನೇ ನಿರ್ದೇಶಕ ನಿಕೋಲಸ್ ಖರ್ಕೊಂಗೊರ್ 2019ರಲ್ಲಿ ‘ಅಖುನಿ’ (Axone) ಎಂಬ ಚಿತ್ರ ಮಾಡಿದರು.

ಇನ್ನು ಬಿದಿರಿನ ಮೊಳಕೆ ಕನ್ನಡಿಗರಿಗೆ ಪರಕೀಯವೇ ಅಲ್ಲ. ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಕಳಲೆ ಪಲ್ಯ, ಕೊಡಗಿನಲ್ಲಿ ಬೈಂಬಳೆ ಕರಿ, ಕರಾವಳಿಯಲ್ಲಿ ಕಣಿಲೆ ಗಸಿ. ಸಿಪ್ಪೆ ಸುಲಿದು, ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಹಾಕುವುದು ಎಲ್ಲ ಕಡೆಯ ಕ್ರಮ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದ್ದು, ನೆನೆಸಿ ಬೇಯಿಸಿದಾಗ ಅದು ಇಳಿದುಹೋಗುತ್ತದೆ. ನೆನೆದ ಕಳಲೆಯ ಹುಳಿವಾಸನೆಯನ್ನು ಮೂದಲಿಸುವವರಿಗೆ ಅದರ ಹಿಂದಿನ ಈ ಜಾಣತನ ಕಾಣಿಸದು. ಕೀಟಾಹಾರದ ಕಥೆಯೂ ಅಷ್ಟೇ. ಮನುಷ್ಯರು ತಿನ್ನುವ 1,900ಕ್ಕೂ ಹೆಚ್ಚು ಜಾತಿಯ ಕೀಟಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತು. ಒಡಿಶಾದ ಸಿಮಿಲಿಪಾಲ್ ಸೀಮೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದಾಗ ಮೂಗು ಮುರಿದ ಕನ್ನಡಿಗರು ಮಲೆನಾಡಿನ ಚಗಳಿ ಇರುವೆಯ ಚಟ್ನಿಯನ್ನು ಮರೆತಿದ್ದಿರಬೇಕು. ಮೊದಲ ಮಳೆಗೆ ಹುತ್ತದಿಂದ ಏಳುವ ಈಸಲು ಹುಳಗಳನ್ನು ಹಿಡಿದು, ಹುರಿದು, ರೆಕ್ಕೆ ಕೇರಿ ತಿನ್ನುವ ರೂಢಿ ಬಯಲುಸೀಮೆಯ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಇತ್ತು. ಕರ್ನಾಟಕದ ಒಳಗೇ ಜೋಳದ ರೊಟ್ಟಿಯ ಸೀಮೆಯಿಂದ ಬಂದ ಹುಡುಗ, ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಕೇಳಿದಾಗ ಕಣ್ಣರಳಿಸುತ್ತಾನೆ. ಕುಚ್ಚಲಕ್ಕಿಯ ವಾಸನೆ ಸಹಿಸದ ಬೆಂಗಳೂರಿಗರೂ ಇದ್ದಾರೆ.

ಯಾವುದೇ ರೂಢಿಯನ್ನು ಮೊದಲು ಅದರ ನೆಲದಲ್ಲಿಟ್ಟು ನೋಡಬೇಕು ಎಂಬುದು ಸಾಂಸ್ಕೃತಿಕ ಸಾಪೇಕ್ಷತೆಯ ತಿರುಳು. ಇದರ ಹಿರಿಯ ಪ್ರತಿಪಾದಕ ಫ್ರಾಂಝ್ ಬೋವಾಸ್ 1883ರ ಚಳಿಗಾಲವನ್ನು ಕೆನಡಾದ ಬ್ಯಾಫಿನ್ ದ್ವೀಪದಲ್ಲಿ ಇನ್ಯೂಟ್ ಜನರ ನಡುವೆ ಕಳೆದ. ಆ ಡಿಸೆಂಬರ್‌ನಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಗೆ ಬರೆದ ದಿನಚರಿಯ ಪತ್ರದಲ್ಲಿ, ಸುತ್ತ ಕೂತವರು ಸೀಲ್‌ನ ಹಸಿ ಈಲಿ ತಿನ್ನುತ್ತಿರುವುದನ್ನು ವರ್ಣಿಸಿ, ಕಾಗದದ ಹಿಂಬದಿಯ ರಕ್ತದ ಕಲೆ ನೋಡಿದರೆ ತಾನೂ ಪಾಲು ತೆಗೆದುಕೊಂಡದ್ದು ತಿಳಿಯುತ್ತದೆ ಎಂದು ಸೂಚಿಸಿದ. ಸುಸಂಸ್ಕೃತ ಎಂಬ ಮಾತು ಸಾಪೇಕ್ಷ ಎಂಬ ವಿಚಾರವೂ ಅದೇ ಪತ್ರದಲ್ಲಿದೆ. ತರಕಾರಿ ಬೆಳೆಯದ ಆ ಹಿಮದ ನಾಡಿನಲ್ಲಿ ಸಿ ಜೀವಸತ್ವ ಹೆಚ್ಚಾಗಿ ಸಿಗುತ್ತಿದ್ದುದು ಇಂಥ ಹಸಿ ಆಹಾರದಿಂದ. ಎಲ್ಲ ರೂಢಿಗೂ ಹೀಗೆ ಒಂದೇ ನೇರ ಕಾರಣ ಸಿಗುವುದಿಲ್ಲ. ಪಶ್ಚಿಮ ಏಷ್ಯಾದಲ್ಲಿ ಹಂದಿ ಏಕೆ ನಿಷಿದ್ಧವಾಯಿತು ಎಂಬುದಕ್ಕೆ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ ಬಿಸಿಲು, ನೀರು, ಧಾನ್ಯದ ಲೆಕ್ಕ ಕೊಡುತ್ತಾನೆ. ಅದೇ ಶಾಸ್ತ್ರದ ಮೇರಿ ಡಗ್ಲಸ್ 1966ರಲ್ಲಿ ಬೇರೆಯೇ ವಾದ ಮಂಡಿಸಿದಳು: ಗೊರಸು ಸೀಳಿದ್ದರೂ ಮೆಲುಕು ಹಾಕದ ಹಂದಿ ಅಲ್ಲಿನ ಜನರ ಪ್ರಾಣಿ ವರ್ಗೀಕರಣದಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ಕಾಚಂಪುಳಿ ಹಾಕಿದ ಪಂದಿ ಕರಿಯಿಲ್ಲದೆ ಹಬ್ಬವೇ ಆಗದ ಕೊಡವರಿಗೆ ಈ ಎರಡು ವಾದಗಳೂ ತಮಾಷೆಯಾಗಿ ಕಾಣಬಹುದು.

ಸಾಪೇಕ್ಷತೆಗೂ ಮಿತಿಯುಂಟು. ಬೋವಾಸ್‌ನ ಶಿಷ್ಯ ಮೆಲ್ವಿಲ್ ಹರ್ಸ್ಕೊವಿಟ್ಸ್ ಕರಡು ಬರೆದು, ಅಮೆರಿಕದ ಮಾನವಶಾಸ್ತ್ರ ಸಂಘ 1947ರಲ್ಲಿ ಹೊರಡಿಸಿದ ಮಾನವ ಹಕ್ಕುಗಳ ಹೇಳಿಕೆ ಎಲ್ಲ ಸಂಸ್ಕೃತಿಗಳಿಗೂ ಗೌರವ ಕೇಳಿತು. ಹಾಗಾದರೆ ನಾಜಿಗಳಿಗೂ ಅದೇ ಗೌರವವೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಊಟದ ವಿಷಯದಲ್ಲಿ ಈ ಪ್ರಶ್ನೆಗೆ ಕನ್ನಡನಾಡಿನಲ್ಲೇ ಉದಾಹರಣೆಗಳಿವೆ. ಪಂಕ್ತಿಭೇದವೂ, ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಇಡುವ ಪ್ರತ್ಯೇಕ ಲೋಟವೂ ಆಹಾರದ ರೂಢಿಗಳೇ. ಅವುಗಳ ಹುಟ್ಟನ್ನು ಅರ್ಥ ಮಾಡಿಕೊಳ್ಳಬಹುದು, ಒಪ್ಪುವಂತಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೊಡೆದುಹಾಕಿದೆ. ಆಹಾರವನ್ನು ಏಣಿಯ ಮೆಟ್ಟಿಲಂತೆ ಬಳಸುವ ಬಗೆಯನ್ನು ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರನ್ನು ಕುರಿತ ತಮ್ಮ 1952ರ ಗ್ರಂಥದಲ್ಲಿ ಗುರುತಿಸಿದರು: ಜಾತಿಯೊಂದು ಮಾಂಸ, ಮದ್ಯ ಬಿಟ್ಟು ಮೇಲೇರಲು ನೋಡುವ ಆ ಕ್ರಮಕ್ಕೆ ಅವರಿಟ್ಟ ಹೆಸರು ಸಂಸ್ಕೃತೀಕರಣ. ಒಬ್ಬರು ಏನು ತಿನ್ನುತ್ತಾರೆ ಎಂಬ ಪ್ರಶ್ನೆ ಬೇರೆ, ಪಕ್ಕದಲ್ಲಿ ಕೂರಲು ಯಾರನ್ನು ಬಿಡುವುದಿಲ್ಲ ಎಂಬ ಪ್ರಶ್ನೆ ಬೇರೆ. ಸಾಪೇಕ್ಷತೆ ಮೊದಲನೆಯದಕ್ಕೆ ಸಲ್ಲುತ್ತದೆ.

ಹಾಗೆಂದು ಎದುರಿಟ್ಟದ್ದನ್ನೆಲ್ಲ ತಿನ್ನಲೇಬೇಕಾಗಿಲ್ಲ. ವ್ರತ, ನಂಬಿಕೆ, ಅಲರ್ಜಿ, ಕೇವಲ ಒಲ್ಲದ ಮನಸ್ಸು, ಯಾವ ಕಾರಣಕ್ಕೂ ಬೇಡ ಎನ್ನಬಹುದು. ಕಾರಣವನ್ನು ತನ್ನ ಮೇಲೆ ಹಾಕಿಕೊಂಡು ಹೇಳುವುದು ಲೇಸು: ತನಗೆ ರೂಢಿಯಿಲ್ಲ ಎಂದರೆ ಸಾಕು, ಇದನ್ನು ಹೇಗೆ ತಿನ್ನುತ್ತೀರಿ ಎನ್ನಬೇಕಿಲ್ಲ. ಏನು ಹಾಕಿದ್ದೀರಿ, ಹೇಗೆ ಮಾಡಿದಿರಿ ಎಂದು ಕೇಳಿದರೆ ಬೇಯಿಸಿದವರು ಖುಷಿಯಿಂದಲೇ ಹೇಳುತ್ತಾರೆ, ಮಾಂಸವಿದೆಯೋ ಇಲ್ಲವೋ ಎಂಬುದೂ ಆಗಲೇ ತಿಳಿದುಹೋಗುತ್ತದೆ. ಹಂಚಿಕೊಂಡ ಅಡುಗೆಮನೆಯಲ್ಲಿ ನಿಯಮಗಳನ್ನು ಮೊದಲ ವಾರವೇ ಮಾತಾಡಿ ಮುಗಿಸಬೇಕು: ಯಾವ ಪಾತ್ರೆ ಯಾರದ್ದು, ಫ್ರಿಜ್ಜಿನ ಯಾವ ಅರೆ ಯಾರಿಗೆ, ಕಿಟಕಿ ಯಾವಾಗ ತೆರೆಯಬೇಕು. ಆ ನಿಯಮ ಒಣಮೀನಿಗೆ ಎಷ್ಟೋ ಇಂಗಿನ ಒಗ್ಗರಣೆಗೂ ಅಷ್ಟೇ. ಇಂಗಿನ ವಾಸನೆ ಗೊತ್ತಿಲ್ಲದವರಿಗೆ ಅದು ಅಖುನಿಗಿಂತ ಕಡಿಮೆಯೇನಲ್ಲ.