ಬಾವಿ ಕೆಡುವ ಮೊದಲೇ ಬೇಕಾದ ಕಾಗದ

ಚಾರ್ಮಾಡಿ ಘಟ್ಟದ ಬುಡದಲ್ಲಿರುವ ನೆರಿಯದಲ್ಲಿ ಈಗಲೂ ಎಷ್ಟೋ ಮನೆಗಳಿಗೆ ಕುಡಿಯುವ ನೀರೆಂದರೆ ಅಂಗಳದ ಬಾವಿಯದೇ. ಸುತ್ತ ಅಡಿಕೆ, ರಬ್ಬರ್ ತೋಟ. ಬೆಟ್ಟದಿಂದ ಇಳಿಯುವ ತೋಡುಗಳು ನೆರಿಯ ಹೊಳೆಗೆ, ಹೊಳೆ ನೇತ್ರಾವತಿಗೆ. ಕೆಳಗೆ ತುಂಬೆ ಅಣೆಕಟ್ಟಿನಲ್ಲಿ ನಿಲ್ಲುವ ನೇತ್ರಾವತಿಯ ನೀರನ್ನೇ ಮಂಗಳೂರು ನಗರ ಕುಡಿಯುತ್ತದೆ. ಇದೇ ಊರಿನ ನೆಲದಡಿಯಲ್ಲಿ ಇಂಧನವೂ ಹರಿಯುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ತೈಲಾಗಾರದಿಂದ ಹಾಸನದ ಮೂಲಕ ಬೆಂಗಳೂರು ಬಳಿಯ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಪೆಟ್ರೋನೆಟ್ ಎಂಎಚ್‌ಬಿ ಪೈಪ್‌ಲೈನ್ ಸುಮಾರು 360 ಕಿ.ಮೀ. ಉದ್ದದ್ದು. ಅದು 2003ರಲ್ಲಿ ಆರಂಭವಾಯಿತು. ಇಂಧನ ಘಟ್ಟ ಹತ್ತುವುದಕ್ಕೆ ಒತ್ತಡ ಕೊಡುವ ಪಂಪಿಂಗ್ ಸ್ಟೇಷನ್ ಇರುವುದು ನೆರಿಯದಲ್ಲಿ.

ಪೈಪ್‌ಲೈನ್ ಇದ್ದ ಮಾತ್ರಕ್ಕೆ ನೀರು ಕೆಟ್ಟಿದೆ ಎಂದು ಹೇಳುವುದು ತಪ್ಪು. ಆದರೆ ಅಪಾಯ ಸಂಸ್ಥೆಯ ಕೈಮೀರಿಯೂ ಬರಬಹುದು. ಇದೇ ಪೈಪ್‌ಲೈನಿಗೆ ಬಂಟ್ವಾಳ ತಾಲೂಕಿನ ಸೊರ್ನಾಡು ಬಳಿ ರಂಧ್ರ ಕೊರೆದು ಡೀಸೆಲ್ ಕದಿಯುತ್ತಿದ್ದದ್ದು 2021ರಲ್ಲಿ ಬೆಳಕಿಗೆ ಬಂತು. ಅಂಥ ಕಡೆ ಸೋರಿದ ಎಣ್ಣೆ ಮೊದಲು ಮಣ್ಣಿಗಿಳಿಯುತ್ತದೆ, ಆಮೇಲೆ ಅಂತರ್ಜಲಕ್ಕೆ. ಹಾಗೇನಾದರೂ ಆದರೆ ಬಾವಿಯ ಯಜಮಾನನ ಕೈಯಲ್ಲಿ ಏನಿರಬೇಕು ಎಂಬುದನ್ನು ಹೇಳುವುದು ಈ ಲೇಖನದ ಉದ್ದೇಶ. ಕಾಯ್ದೆಗಳು ಸಾಕಷ್ಟಿವೆ. ನಮ್ಮವರು ಸೋಲುವುದು ಪುರಾವೆಯಲ್ಲಿ.

ಇದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಪಕ್ಕದ ನಿಡ್ಲೆ, ಪಟ್ರಮೆ, ಕೊಕ್ಕಡಗಳಲ್ಲೇ ಇದೆ. ಅಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗೆ ಮಧ್ಯಂತರ ತಡೆ ನೀಡಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ಮಾಸಾಶನ, ಕೊಕ್ಕಡ ಮತ್ತು ಕೊಯಿಲದ ಪಾಲನಾ ಕೇಂದ್ರಗಳು ದೊರೆತದ್ದು ವರ್ಷಗಟ್ಟಲೆ ನಡೆದ ಹೋರಾಟ, ಸರ್ಕಾರದ ಆದೇಶ, ಹೈಕೋರ್ಟಿನ ನಿರ್ದೇಶನಗಳಿಂದ. ಹಾಸಿಗೆ ಬಿಟ್ಟೇಳಲಾಗದ ಮಗುವನ್ನು ಸಾಕುವ ತಾಯಿಗೆ, ಇದು ಆ ಮದ್ದಿನಿಂದಲೇ ಬಂದದ್ದು ಎಂದು ನಿರೂಪಿಸುವ ಹೊಣೆಯೂ ಬಿತ್ತು. ಸಿಂಪಡಿಸಿದ ವರ್ಷದ ಬಾವಿ ನೀರಿನ ವರದಿ ಒಂದು ಸಾಮಾನ್ಯ ಕುಟುಂಬದ ಬಳಿ ಎಲ್ಲಿಂದ ಇರಬೇಕು? ಆ ಸಂಕಟ ಇನ್ನೊಂದು ಊರಿಗೆ ಬರಬಾರದು.

ಆದ್ದರಿಂದ ನೀರು ಚೆನ್ನಾಗಿರುವಾಗಲೇ ಒಮ್ಮೆ ಪರೀಕ್ಷೆ ಮಾಡಿಸಿ. ಮಳೆ ನಿಂತು ಬಾವಿ ತುಂಬಿರುವಾಗ ಒಂದು ಸಲ, ಏಪ್ರಿಲಿನಲ್ಲಿ ನೀರು ತಳ ಕಂಡಾಗ ಇನ್ನೊಂದು ಸಲ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಗ್ರಾಮದ ಮಹಿಳೆಯರಿಗೆ ಕಿಟ್ ಕೊಟ್ಟು ನೀರು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿದೆ, ಜಿಲ್ಲೆಗೆ ಪ್ರಯೋಗಾಲಯವೂ ಇದೆ. ಪಂಚಾಯತ್ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳಬೇಕು. ಆದರೆ ಕಿಟ್‌ನಲ್ಲಿ ಎಣ್ಣೆಯಂಶ ತಿಳಿಯುವುದಿಲ್ಲ. ಪೈಪ್‌ಲೈನ್ ಹತ್ತಿರದ ಬಾವಿಯವರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಖನಿಜ ತೈಲದ ಪರೀಕ್ಷೆಯನ್ನು ಹೆಸರಿಸಿಯೇ ಕೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು ಲೀಟರಿಗೆ 0.5 ಮಿಲಿಗ್ರಾಂ ಮೀರುವಂತಿಲ್ಲ. ಎಣ್ಣೆಯಂಶದ ಪರೀಕ್ಷೆಗೆ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಬೇಡಿ. ಪ್ಲಾಸ್ಟಿಕ್ ಅದನ್ನು ಹೀರಿಕೊಳ್ಳುತ್ತದೆ. ಪ್ರಯೋಗಾಲಯದವರೇ ಕೊಡುವ ಗಾಜಿನ ಬಾಟಲಿ ಪಡೆದು, ಅವರು ಹೇಳಿದಂತೆ ತುಂಬಿ, ತಂಪಾಗಿಟ್ಟು, ಬೇಗ ತಲುಪಿಸಿ.

ನೀರಿನ ಮೇಲೆ ಬಣ್ಣಬಣ್ಣದ ಪದರ ಕಂಡಾಗ ಗಾಬರಿಯಾಗುವುದು ಸಹಜ. ಮುರಕಲ್ಲಿನ ನೆಲದಲ್ಲಿ ಕಬ್ಬಿಣದಂಶದಿಂದಲೂ ಇಂಥ ಪದರ ಕಟ್ಟುತ್ತದೆ. ಒಂದು ಕಡ್ಡಿಯಿಂದ ಕೆದಕಿ ನೋಡಿ: ಕಬ್ಬಿಣದ ಪದರವಾದರೆ ಒಡೆದು ಚೂರಾಗಿ ಹಾಗೇ ನಿಲ್ಲುತ್ತದೆ, ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಗೂ ಇಳಿಯಬೇಡಿ. ಅದರ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ತುಂಬಿಕೊಂಡಿರುತ್ತದೆ. ದೀಪ ಇಳಿಸುವುದು, ಪಂಪಿನ ಸ್ವಿಚ್ ಹಾಕುವುದು, ಬಾವಿಗೆ ಜನ ಇಳಿಯುವುದು ಪ್ರಾಣಕ್ಕೇ ಎರವಾದೀತು. ದೂರ ಸರಿದು 112ಕ್ಕೂ, ಪೈಪ್‌ಲೈನ್ ಗುರುತಿನ ಕಂಬದ ಮೇಲೆ ಬರೆದಿರುವ ತುರ್ತು ಸಂಖ್ಯೆಗೂ ಕರೆ ಮಾಡಿ. ಕರೆ ಮಾಡಿದ ಹೊತ್ತನ್ನು ಬರೆದಿಡಿ.

ಈಗ ದೂರಿನ ವಿಷಯ. 1974ರ ಜಲ (ಮಾಲಿನ್ಯ ತಡೆ ಮತ್ತು ನಿಯಂತ್ರಣ) ಕಾಯ್ದೆಯ 24ನೇ ಕಲಂ ಪ್ರಕಾರ, ಗೊತ್ತಿದ್ದೂ ವಿಷಕಾರಿ ಅಥವಾ ಮಲಿನಕಾರಿ ವಸ್ತುವನ್ನು ಹೊಳೆಗೆ, ಬಾವಿಗೆ, ನೆಲಕ್ಕೆ ಯಾರೂ ಬಿಡುವಂತಿಲ್ಲ. ‘ಹೊಳೆ’ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥ ವಿಶಾಲವಾದದ್ದು. ಬೇಸಗೆಯಲ್ಲಿ ಬತ್ತಿರುವ ತೋಡೂ ಅದರಲ್ಲಿ ಸೇರುತ್ತದೆ, ನೆಲದಡಿಯ ನೀರೂ ಸೇರುತ್ತದೆ. ಈ ನಿಯಮ ದೊಡ್ಡ ಕಂಪನಿಗಷ್ಟೇ ಅಲ್ಲ. ರಬ್ಬರ್ ಶೀಟ್ ಹೊಡೆದ ಮೇಲೆ ಉಳಿಯುವ ಫಾರ್ಮಿಕ್ ಆಸಿಡ್ ಬೆರೆತ ನೀರನ್ನು ತೋಡಿಗೆ ಬಿಡುವವರಿಗೂ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಟ್ಟು ಡ್ರಮ್ಮನ್ನು ಹೊಳೆಯಲ್ಲಿ ತೊಳೆಯುವವರಿಗೂ ಅನ್ವಯಿಸುತ್ತದೆ. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಇರುತ್ತದೆ. ಕೃಷಿಕರಾದ ನಾವು ನಮ್ಮ ತೋಟದ ಅಂಚಿನಿಂದಲೇ ಶುರುಮಾಡಿದರೆ ಮುಂದೆ ಇನ್ನೊಬ್ಬರನ್ನು ಕೇಳುವ ದನಿಗೆ ಬಲ ಬರುತ್ತದೆ.

ದೂರನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಗಳೂರು ಪ್ರಾದೇಶಿಕ ಕಚೇರಿಗೆ ಬರೆಯಿರಿ. ಅದು ಬೈಕಂಪಾಡಿಯಲ್ಲಿದೆ. ಪ್ರತಿಯನ್ನು ತಹಶೀಲ್ದಾರರಿಗೂ ಗ್ರಾಮ ಪಂಚಾಯತ್‌ಗೂ ಕೊಡಿ. ಫೋನಿನಲ್ಲಿ ಹೇಳಿದ ದೂರು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಸ್ಪೀಡ್ ಪೋಸ್ಟ್ ರಸೀದಿ ಅಥವಾ ಕಚೇರಿಯ ಮುದ್ರೆಯಿರುವ ಸ್ವೀಕೃತಿ ಪ್ರತಿ ಇಲ್ಲದೆ ಮನೆಗೆ ಮರಳಬೇಡಿ. ಪತ್ರದಲ್ಲಿ ಆವೇಶ ಬೇಡ. ಯಾವ ಸರ್ವೆ ನಂಬರಿನ ಬಾವಿ, ಮೊದಲು ಕಂಡದ್ದು ಯಾವ ದಿನ, ವಾಸನೆಯೋ ಬಣ್ಣವೋ, ಎಷ್ಟು ಮನೆಗಳಿಗೆ ತೊಂದರೆ, ಹಿಂದಿನ ಪರೀಕ್ಷಾ ವರದಿ ಏನು ಹೇಳಿತ್ತು ಎಂಬಿಷ್ಟು ಸಾಕು.

ಮಂಡಳಿಯ ಅಧಿಕಾರಿ ಮಾದರಿ ತೆಗೆಯುವಾಗ ನೀವೂ ಅಲ್ಲಿರಿ. ಘಟಕದಿಂದ ಹೊರಬರುವ ನೀರಿನ ಮಾದರಿಗೆ ಜಲ ಕಾಯ್ದೆಯ 21ನೇ ಕಲಂ ಒಂದು ಕ್ರಮ ಹಾಕಿಕೊಟ್ಟಿದೆ: ಘಟಕದವರಿಗೆ ಸ್ಥಳದಲ್ಲೇ ನೋಟಿಸ್ ಕೊಡಬೇಕು, ಮಾದರಿಯನ್ನು ಅವರ ಎದುರು ಎರಡು ಭಾಗ ಮಾಡಬೇಕು, ಎರಡಕ್ಕೂ ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ಎಷ್ಟೇ ಗಂಭೀರವಾಗಿದ್ದರೂ ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಹಾಗಾಗಿ ಮಹಜರು ಬರೆಯುವಂತೆ ವಿನಯದಿಂದಲೇ ಒತ್ತಾಯಿಸಿ, ಸಾಕ್ಷಿಯಾಗಿ ಸಹಿ ಹಾಕಿ. ನೀವೇ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದ ಪರೀಕ್ಷೆ ಈ ಮೊಕದ್ದಮೆಗೆ ಸಾಲದಿದ್ದರೂ ವ್ಯರ್ಥವಲ್ಲ. ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಗೆ ಒಳಪಡದ ಹಸಿರು ನ್ಯಾಯಮಂಡಳಿ ಅದನ್ನು ಪರಿಗಣಿಸಬಹುದು.

ಮಂಡಳಿಯ ಪರೀಕ್ಷಾ ವರದಿಯ ಪ್ರತಿ ಘಟಕದವರಿಗೆ ತಾನಾಗಿ ಹೋಗುತ್ತದೆ. ದೂರು ಕೊಟ್ಟವರಿಗೆ ಹೋಗುವುದಿಲ್ಲ. ಕಾಯ್ದೆಯ ಈ ಕೊರತೆ ನನಗೆ ಯಾವತ್ತೂ ನೋವು ತರುತ್ತದೆ. ಆದರೆ ದಾರಿಯಿದೆ. 49ನೇ ಕಲಂ ಪ್ರಕಾರ, ಮೊಕದ್ದಮೆ ಹೂಡುವ ಉದ್ದೇಶವನ್ನು ತಿಳಿಸಿ ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟ ಯಾವ ವ್ಯಕ್ತಿಯೂ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ಹಾಗೆ ದೂರು ಕೊಟ್ಟವರು ಕೇಳಿದರೆ ಮಂಡಳಿ ತನ್ನಲ್ಲಿರುವ ವರದಿಗಳನ್ನು ಒದಗಿಸಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆ ಎಂಬ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. ಅಲ್ಲಿಯವರೆಗೆ ಕಾಯಲಾಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು.

ಇತ್ತೀಚಿನ ಬದಲಾವಣೆಗಳನ್ನೂ ತಿಳಿದಿರಿ. 2024ರ ಏಪ್ರಿಲ್ 1ರಿಂದ ಪರಿಸರ (ಸಂರಕ್ಷಣೆ) ಕಾಯ್ದೆ ಮತ್ತು ವಾಯು ಕಾಯ್ದೆಯ ಹೆಚ್ಚಿನ ಉಲ್ಲಂಘನೆಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಅದನ್ನು ನ್ಯಾಯಾಲಯದ ಬದಲು ನಿರ್ಣಯಾಧಿಕಾರಿ ವಿಧಿಸುತ್ತಾರೆ. ಜಲ ಕಾಯ್ದೆಗೂ ಅದೇ ವರ್ಷ ಇಂಥದೇ ತಿದ್ದುಪಡಿ ಆಗಿದೆಯಾದರೂ ಅದು ಶಾಸನಸಭೆ ಒಪ್ಪಿಕೊಂಡ ರಾಜ್ಯಗಳಿಗೆ ಮಾತ್ರ. ಆದ್ದರಿಂದ ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವ ಮುನ್ನ ಅಂದಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿ. ಒಂದು ಮಾತು ಮರೆಯಬೇಡಿ: ದಂಡದ ಹಣ ಸರ್ಕಾರದ ನಿಧಿಗೆ ಸೇರುತ್ತದೆ, ಬಾವಿ ಕಳೆದುಕೊಂಡವರಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ಪರಿಹಾರ ಬೇಕಿದ್ದರೆ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ ಬಾಗಿಲು ತಟ್ಟಬೇಕು. ನಮಗೆ ಚೆನ್ನೈನ ದಕ್ಷಿಣ ವಲಯ ಪೀಠ. ಅಲ್ಲಿ ಎರಡು ಬಗೆಯ ಅರ್ಜಿಗಳಿವೆ, ಅವುಗಳ ಕಾಲಮಿತಿಯನ್ನು ಗೊಂದಲ ಮಾಡಿಕೊಂಡರೆ ಕೇಸೇ ಕೈತಪ್ಪುತ್ತದೆ. ಮಾಲಿನ್ಯ ನಿಲ್ಲಿಸಿ ಎಂದು ಕೇಳುವ 14ನೇ ಕಲಮಿನ ಅರ್ಜಿಗೆ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು. ಪರಿಹಾರ ಕೊಡಿ, ನೆಲ ನೀರನ್ನು ಮೊದಲಿನಂತೆ ಮಾಡಿಕೊಡಿ ಎಂದು ಕೇಳುವ 15ನೇ ಕಲಮಿನ ಅರ್ಜಿಗೆ ಐದು ವರ್ಷ. ಎರಡಕ್ಕೂ ಸಕಾರಣವಿದ್ದರೆ ಹೆಚ್ಚೆಂದರೆ 60 ದಿನಗಳ ರಿಯಾಯಿತಿ. ವಾಸನೆ ಮೊದಲು ಬಂದ ದಿನವನ್ನು ಬರೆದಿಡಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕ, ಕೇಳಿದರೆ ಆ ಮೊತ್ತದ ಶೇ. 1. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಅಪಘಾತದಿಂದಾದ ಹಾನಿಯಾದರೆ ಸಂಸ್ಥೆಯ ತಪ್ಪನ್ನು ನೀವು ಸಾಬೀತು ಮಾಡಬೇಕಾಗಿಲ್ಲ, ಹಾನಿ ಅದರಿಂದಾಯಿತು ಎಂದು ತೋರಿಸಿದರೆ ಸಾಕು. ಇದು 17ನೇ ಕಲಂ.

ನೆಲ ನೀರನ್ನು ಶುದ್ಧ ಮಾಡಿಸುವ ಬೇಡಿಕೆ ದುಬಾರಿಯಾಯಿತು, ಯಾರು ಕೇಳುತ್ತಾರೆ ಎಂದು ಕೈಚೆಲ್ಲಬೇಡಿ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಎಂಬ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಸರು ನೆಲಕ್ಕಿಳಿದು ಬಾವಿಗಳ ನೀರು ಬಣ್ಣಗೆಟ್ಟಿತು. ಮಲಿನ ಮಾಡಿದವರೇ ಶುದ್ಧಗೊಳಿಸುವ ವೆಚ್ಚ ಭರಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಕಂಪನಿಗಳು ವರ್ಷಗಟ್ಟಲೆ ಎಳೆದಾಡಿದ ಮೇಲೆ 2011ರಲ್ಲಿ 37 ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ಚಕ್ರಬಡ್ಡಿ ಸಮೇತ ಕಟ್ಟಲು ಆದೇಶವಾಯಿತು. ಹದಿನೈದು ವರ್ಷ ಕಾದ ಹಳ್ಳಿಯ ಪಾಡನ್ನು ನೆನೆದರೆ ಇದನ್ನು ಗೆಲುವು ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೂ ಇಂದು ನಾವು ಮಂಡಿಸಬಹುದಾದ ಗಟ್ಟಿ ಆಧಾರ ಅದು. ಅರ್ಜಿಯಲ್ಲಿ ಹಣವನ್ನಷ್ಟೇ ಕೇಳದೆ, ಬಾವಿ ಸರಿಹೋಗುವ ತನಕ ಬದಲಿ ಕುಡಿಯುವ ನೀರು, ಮಣ್ಣಿನ ಶುದ್ಧೀಕರಣ, ಪ್ರತಿ ಮಳೆಗಾಲದ ನಂತರ ಮರುಪರೀಕ್ಷೆ, ಇವನ್ನೂ ಬಿಡಿಬಿಡಿಯಾಗಿ ಕೇಳಿ.

ಕಲುಷಿತ ನೆಲಕ್ಕೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಾವಳಿ ತಂದಿದೆ. ಕಲುಷಿತಗೊಂಡಿರುವ ಶಂಕೆಯಿರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ರಾಜ್ಯ ಮಂಡಳಿಗೆ ಕಳಿಸಬೇಕು, ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಪಟ್ಟಿಯಲ್ಲಿ ಸೇರದ ಜಾಗವನ್ನು ಯಾರೂ ಬಂದು ಅಗೆದು ನೋಡುವುದಿಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ನಿರ್ಣಯ ಬರೆಸಿ, ಪಿಡಿಒ ಅವರಿಂದ ಅದರ ದೃಢೀಕೃತ ಪ್ರತಿ ಪಡೆಯಿರಿ.

ಪೈಪ್‌ಲೈನ್ ಹಾದುಹೋದ ಜಮೀನಿನವರಿಗೆ ಇನ್ನೆರಡು ಮಾತು. 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಲ್ಲಿ ಹೋಗಿರುವುದು ಬಳಕೆಯ ಹಕ್ಕು ಮಾತ್ರ, ಜಮೀನು ನಿಮ್ಮದೇ. ಪೈಪ್ ಹಾದುಹೋದ ನೆಲದ ಪಟ್ಟಿಯಲ್ಲಿ ಮನೆ ಕಟ್ಟುವುದು, ಬಾವಿ ತೋಡುವುದು, ಮರ ನೆಡುವುದಕ್ಕೆ 9ನೇ ಕಲಂ ಅಡ್ಡಿ. ಆದರೆ ಪೈಪ್ ಹಾಕುವಾಗ, ದುರಸ್ತಿ ಮಾಡುವಾಗ ಆದ ಹಾನಿಗೆ 10ನೇ ಕಲಮಿನಂತೆ ಸಕ್ಷಮ ಪ್ರಾಧಿಕಾರ ಪರಿಹಾರ ನಿಗದಿ ಮಾಡಬೇಕು, ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲಿ ಪೈಪ್‌ಲೈನೂ ಸೇರಿದೆ. ದೊಡ್ಡ ಅವಘಡವಾದರೆ ತೊಂದರೆಗೊಳಗಾಗಬಹುದಾದ ನೆರೆಹೊರೆಯವರಿಗೆ ಅಪಾಯ ಯಾವ ಬಗೆಯದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ತಿಳಿಸುವುದು 15ನೇ ನಿಯಮದಂತೆ ನಿರ್ವಾಹಕರ ಕರ್ತವ್ಯ. ಇದನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೊಡಿ ಎಂದು ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯಬಹುದು.

ವಕೀಲರಿಗೆ ಕೊಡಲು ಹಣವಿಲ್ಲದವರು ಬೆಳ್ತಂಗಡಿಯ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಹೋಗುವಾಗ ಜಮೀನಿನ ಪಹಣಿ, ಎರಡೂ ಸಲದ ನೀರಿನ ವರದಿ, ಸ್ವೀಕೃತಿಯಿರುವ ದೂರಿನ ಪ್ರತಿ, ದಿನಾಂಕ ಕಾಣುವ ಫೋಟೋಗಳು ಮತ್ತು ಮನೆಯವರ ಚಿಕಿತ್ಸೆಯ ಚೀಟಿಗಳನ್ನು ಒಂದೇ ಫೈಲಿನಲ್ಲಿ ಒಯ್ಯಿರಿ.