ಪೊಲೀಸರು ಎದುರಾದರೆ ಕೂಗುವ ಪೆಟ್ಟಿಗೆ

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ವಯಸ್ಸು 43, ಶಾಲೆಯಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಕೆಲಸದ ಮೇಲೆ ವಾರಕ್ಕೆ ಮೂರು ದಿನ ಕಾರಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅಮೆರಿಕದಲ್ಲಿರುವ ನನ್ನ ಮೈದುನ ಕಳೆದ ಸಲ ಬಂದಾಗ ರಾಡಾರ್ ಡಿಟೆಕ್ಟರ್ ಅನ್ನುವ ಒಂದು ಪುಟ್ಟ ಪೆಟ್ಟಿಗೆ ತಂದುಕೊಟ್ಟ. ಅವನು ನ್ಯೂಜೆರ್ಸಿ ಬಿಟ್ಟು ವರ್ಜೀನಿಯಾಕ್ಕೆ ಹೋಗಿದ್ದಾನೆ, ಅಲ್ಲಿ ಅದನ್ನು ಬಳಸುವ ಹಾಗಿಲ್ಲವಂತೆ. 'ಅಣ್ಣನಿಗಾದರೂ ಉಪಯೋಗಕ್ಕೆ ಬರಲಿ' ಅಂದ. ಇವರು ಅದನ್ನು ಮುಂದಿನ ಗಾಜಿಗೆ ಅಂಟಿಸಿಕೊಂಡಿದ್ದಾರೆ. ಮುಂದೆಲ್ಲಾದರೂ ಪೊಲೀಸರ ಸ್ಪೀಡ್ ಗನ್ ಇದ್ದರೆ ಕೂಗುತ್ತದಂತೆ. ಅದು ಬಂದ ಮೇಲೆ ಇವರ ವೇಗ ಹೆಚ್ಚಾಗಿದೆ. ಮೊನ್ನೆ ಜೊತೆಯಲ್ಲಿ ಹೋಗಿದ್ದೆ, ಮದ್ದೂರು ದಾಟಿದ ಮೇಲೆ ಮುಳ್ಳು 130ರ ಮೇಲಿತ್ತು. 'ಸ್ವಲ್ಪ ನಿಧಾನಾರೀ' ಅಂದರೆ 'ಅದು ಮೊದಲೇ ಹೇಳುತ್ತೆ, ನೀನು ಸುಮ್ನೆ ಕೂತ್ಕೋ' ಅಂತಾರೆ. ಅದು ಕೂಗಿದಾಗಲೆಲ್ಲ ಹಿಂದೆ ಕೂತ 14 ವರ್ಷದ ಮಗ 'ಅಪ್ಪಾ, ಬ್ರೇಕ್!' ಅಂತ ಸಂಭ್ರಮಪಡುತ್ತಾನೆ. ಕಾರು ನನ್ನ ಹೆಸರಿನಲ್ಲಿದೆ. ಆ ಪೆಟ್ಟಿಗೆ ಬಂದ ಮೇಲೂ ಅತಿವೇಗಕ್ಕೆ ಎರಡು ಚಲನ್ ನನ್ನ ಮೊಬೈಲಿಗೆ ಬಂದಿವೆ. ಇದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವೇ? ಕೇಸಾದರೆ ನನ್ನ ತಲೆಗೆ ಬರುತ್ತದೆಯೇ? ಚಲನ್ ಈಗಲೇ ಕಟ್ಟಬೇಕೋ, ರಿಯಾಯಿತಿ ಬರುವವರೆಗೆ ಕಾಯಬಹುದೋ? ಒಂದು ದಿನ ಅದನ್ನು ಕಿತ್ತು ಬಚ್ಚಿಟ್ಟುಬಿಡೋಣ ಅನ್ನಿಸುತ್ತದೆ.
— ಹೆಸರು ಬೇಡ, ಮೈಸೂರು

ಉತ್ತರ: ಪ್ರೀತಿಯ ಸೋದರಿ, ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅದಾದ ಮೇಲೆ ಮದ್ದೂರಿನಾಚೆಗಿನ ಆ 130ಕ್ಕೆ ಬರುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರ ಓದಿದ ಯಾರಿಗಾದರೂ ತಿಳಿಯುತ್ತದೆ.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ರಾಡಾರ್ ಡಿಟೆಕ್ಟರ್ ಎಂದು ಹೆಸರು ಹೇಳಿ ನಿಷೇಧಿಸಿದ ಕಲಮು ಇಲ್ಲ. ನಿಮ್ಮ ಯಜಮಾನರು ಇದನ್ನೇ ಹಿಡಿದುಕೊಂಡು 'ತಪ್ಪೇನಿದೆ?' ಎಂದು ಕೇಳಬಹುದು. ಆದರೆ ಹೆಸರಿಲ್ಲದ ಮಾತ್ರಕ್ಕೆ ಅನುಮತಿ ಸಿಕ್ಕಿದಂತಾಗುವುದಿಲ್ಲ. ಪರವಾನಗಿಯಿಲ್ಲದೆ ರೇಡಿಯೋ ಉಪಕರಣ ಇಟ್ಟುಕೊಳ್ಳಬಾರದು ಎಂಬ ಕಾನೂನು ನಮ್ಮಲ್ಲಿ 1933ರಷ್ಟು ಹಿಂದಿನಿಂದ ಇದೆ, 2023ರ ದೂರಸಂಪರ್ಕ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಅಲೆಗಳನ್ನು ಬರೀ ಹಿಡಿಯುವ, ಏನನ್ನೂ ಕಳಿಸದ ಪೆಟ್ಟಿಗೆ ಅದರೊಳಗೆ ಬರುವುದಿಲ್ಲ ಎಂದು ಒಬ್ಬ ವಕೀಲರು ವಾದಿಸಬಹುದು, ಬರುತ್ತದೆ ಎಂದು ಇನ್ನೊಬ್ಬರು ವಾದಿಸಬಹುದು. ಆ ವಾದ ತೀರ್ಮಾನವಾಗಬೇಕಾದರೆ ನಿಮ್ಮ ಮನೆಯವರು ಕೋರ್ಟಿನಲ್ಲಿ ನಿಲ್ಲಬೇಕು. ಒಂದು ಸ್ಪೀಡ್ ಗನ್ ತಪ್ಪಿಸಿಕೊಳ್ಳುವುದಕ್ಕೆ ಅಷ್ಟು ದೂರ ಹೋಗುವುದು ಬೇಡ. ಪೊಲೀಸರ ಉಪಕರಣವನ್ನೇ ಕೆಡಿಸುವ ಜಾಮರ್‌ ವಿಷಯದಲ್ಲಂತೂ ವಾದಕ್ಕೆ ಜಾಗವೇ ಇಲ್ಲ. ಮೈದುನ ಮುಂದಿನ ಸಲ ಅದನ್ನು ತರುತ್ತೇನೆ ಎಂದರೆ ಫೋನಿನಲ್ಲೇ ಬೇಡ ಎಂದುಬಿಡಿ.

ಹೊರದೇಶಗಳಲ್ಲಿ ಇದು ಊರಿಗೊಂದು ಥರ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಖಾಸಗಿ ಕಾರಿಗೆ ಅಡ್ಡಿಯಿಲ್ಲ, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷಿದ್ಧ. ಕೆನಡಾದ ಒಂಟಾರಿಯೊದಲ್ಲಿ ಅನುಮತಿ ಇಲ್ಲ, ಆಸ್ಟ್ರೇಲಿಯಾದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಬಿಟ್ಟರೆ ಬೇರೆಲ್ಲೂ ಇಲ್ಲ. ಫ್ರಾನ್ಸ್ 2012ರಲ್ಲಿ ನಿಯಮ ಬಿಗಿ ಮಾಡಿತು. ಜರ್ಮನಿಯಲ್ಲಿ ಚಾಲಕ ಗಾಡಿ ಓಡಿಸುತ್ತಾ ಮೊಬೈಲಿನ ಕ್ಯಾಮೆರಾ ಎಚ್ಚರಿಕೆಯ ಆ್ಯಪ್ ಬಳಸುವುದೂ ತಪ್ಪು. ಆ ದೇಶಗಳಲ್ಲಿ ಮಕ್ಕಳು, ಅಳಿಯಂದಿರು ಇರುವ ಮೈಸೂರಿನ ಮನೆಗಳು ಎಷ್ಟೋ ಇವೆ, ಅವರಿಗೂ ಗೊತ್ತಿರಲಿ ಎಂದು ಇಷ್ಟು ಬರೆದೆ.

ಇನ್ನು ನಿಮ್ಮ ಹೆಸರಿನ ಪ್ರಶ್ನೆ. ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು. ಆದ್ದರಿಂದ ನೋಟಿಸು ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರಿಗೇ ಬರುತ್ತದೆ. ಆ ಹೊತ್ತಿನಲ್ಲಿ ಗಾಡಿ ಓಡಿಸಿದವರು ಯಾರು ಎಂದು ಪೊಲೀಸರು ಕೇಳಿದರೆ ತಿಳಿಸುವುದು ಕಾಯ್ದೆಯ 133ನೇ ಕಲಮಿನ ಪ್ರಕಾರ ಮಾಲೀಕರ ಕರ್ತವ್ಯ. ಕಾರಿನ ಅತಿವೇಗಕ್ಕೆ ನಮ್ಮ ರಾಜ್ಯದಲ್ಲಿ 1,000 ರೂಪಾಯಿ ದಂಡ, ಅದು ಕಟ್ಟಿ ಮುಗಿಸುವಂಥದ್ದು. 130 ದಾಟಿದರೆ ಕಥೆ ಬೇರೆ. ಅಷ್ಟು ವೇಗದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವನ್ನು ಪೊಲೀಸರು 2024ರ ಆಗಸ್ಟ್ 1ರಿಂದ ಶುರು ಮಾಡಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಲ್ಲಿ ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಕೇಸು ಗಾಡಿ ಓಡಿಸಿದವರ ಮೇಲೆ. ಆದರೆ ವಿಚಾರಣೆಯ ಮೊದಲ ಕರೆ ನಿಮ್ಮ ಫೋನಿಗೇ ಬರುತ್ತದೆ. ಯಾವ ಕಾರಣಕ್ಕೂ 'ನಾನೇ ಓಡಿಸುತ್ತಿದ್ದೆ' ಎಂದು ಅವರನ್ನು ಉಳಿಸಲು ಹೋಗಬೇಡಿ.

ಈಗ ಆ ಪೆಟ್ಟಿಗೆಗೆ ಬರೋಣ. ಅದು ಕೆಲಸ ಮಾಡುವುದು ಹೇಗೆಂದು ತಿಳಿದರೆ ನಿಮ್ಮ ಯಜಮಾನರ ನಂಬಿಕೆ ಅರ್ಧ ತಾನಾಗಿ ಇಳಿಯುತ್ತದೆ. ಹಳೆಯ ಸ್ಪೀಡ್ ಗನ್ನುಗಳು ರೇಡಿಯೋ ಅಲೆ ಬಿಟ್ಟು, ಅದು ಗಾಡಿಗೆ ಬಡಿದು ವಾಪಸು ಬರುವಾಗ ಆಗುವ ವ್ಯತ್ಯಾಸದಿಂದ ವೇಗ ಲೆಕ್ಕ ಹಾಕುತ್ತವೆ. ಆ ಅಲೆ ದೂರದವರೆಗೆ ಚದುರುತ್ತದೆ, ಅದನ್ನು ಈ ಪೆಟ್ಟಿಗೆ ಮೊದಲೇ ಹಿಡಿದು ಕೂಗುತ್ತದೆ. ಲೇಸರ್ ಗನ್ ಹಾಗಲ್ಲ. ಅದರ ಕಿರಣ 300 ಮೀಟರ್ ದೂರದಲ್ಲೂ ಒಂದು ಮೀಟರಿನಷ್ಟೇ ಅಗಲ. ಅದು ನಿಮ್ಮ ಕಾರಿಗೆ ತಾಗಿ ಪೆಟ್ಟಿಗೆ ಕೂಗುವಷ್ಟರಲ್ಲಿ ವೇಗ ದಾಖಲಾಗಿ ಹೋಗಿರುತ್ತದೆ. ಎರಡು ಕಡೆ ಕ್ಯಾಮೆರಾ ನಂಬರ್ ಪ್ಲೇಟ್ ಓದಿ, ನಡುವಿನ ದೂರಕ್ಕೆ ಹಿಡಿದ ಹೊತ್ತಿನಿಂದ ಸರಾಸರಿ ವೇಗ ತೆಗೆಯುವ ವಿಧಾನವೂ ಉಂಟು. ಅಲ್ಲಿ ಹಿಡಿಯುವುದಕ್ಕೆ ಅಲೆಯೇ ಇರುವುದಿಲ್ಲ. ಇದರ ಮೇಲೆ, ಈಗಿನ ಕಾರುಗಳ ಪಕ್ಕದ ವಾಹನ ಗುರುತಿಸುವ ಸೆನ್ಸರುಗಳು, ಅಂಗಡಿಗಳ ತಾನೇ ತೆರೆದುಕೊಳ್ಳುವ ಬಾಗಿಲುಗಳು ಕೂಡ ಅನೇಕ ಸ್ಪೀಡ್ ಗನ್ನುಗಳು ಬಳಸುವ 24 ಗಿಗಾಹರ್ಟ್ಸ್ ಸುಮಾರಿನ ಅಲೆಯನ್ನೇ ಬಿಡುತ್ತವೆ. ನಿಮ್ಮ ಮಗ ಸಂಭ್ರಮಪಟ್ಟ ಕೂಗುಗಳಲ್ಲಿ ಎಷ್ಟೋ ಪಕ್ಕದಲ್ಲಿ ಹೋದ ಕಾರುಗಳದ್ದೇ ಇರಬಹುದು. ನಿಮ್ಮ ಮೊಬೈಲಿನಲ್ಲಿರುವ ಆ ಎರಡು ಚಲನ್‌ಗಳಿಗಿಂತ ಬೇರೆ ಸಾಕ್ಷಿ ಬೇಕೇ?

ನನಗೆ ನಿಜವಾಗಿ ಸಂಕಟವಾಗುವುದು ಬೇರೆ ಕಾರಣಕ್ಕೆ. ಆ ರಸ್ತೆಯಲ್ಲಿ ಪೆಟ್ಟಿಗೆ ಕೂಗದ ಅಪಾಯಗಳೇ ಹೆಚ್ಚು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ಮೈಸೂರು-ಬೆಂಗಳೂರು ದಶಪಥದ ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿ ಮೇಲಿಂದ ಮೇಲೆ ಬರುತ್ತಿದ್ದುದು ನಮಗೆಲ್ಲ ನೆನಪಿದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡದಂತೆ ಮಾಡಿದರು, ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ ಇದೆ, ಕ್ಯಾಮೆರಾಗಳು ಬಂದವು. ಸಾವು ಕಡಿಮೆಯಾಯಿತು. ಆದರೂ ಮಂಡ್ಯದ ಸುತ್ತಲಿನ ಹಳ್ಳಿಯವರಿಗೆ ಆ ಹೆದ್ದಾರಿ ತಮ್ಮ ಮನೆಗೂ ಹೊಲಕ್ಕೂ ನಡುವೆ ಬಂದು ಕೂತ ರಸ್ತೆ. ಅಂಡರ್‌ಪಾಸ್ ದೂರವಿದ್ದರೆ ಬೇಲಿಯ ಕಿಂಡಿಯಲ್ಲಿ ತೂರಿಕೊಂಡು ದಾಟುತ್ತಾರೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಡಿವೈಡರ್ ಬಳಿ ನಿಂತ ಹೆಂಗಸು ಎರಡೂ ಕಡೆ ನೋಡುತ್ತಾಳೆ, ದೂರದಲ್ಲಿ ಕಾಣುವ ಕಾರು ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ಅಂದಾಜು ಮಾಡುತ್ತಾಳೆ. ನೂರರಲ್ಲಿ ಬರುವ ಕಾರಿಗೆ ಹೊಂದಿಕೊಂಡ ಆ ಅಂದಾಜು 130ಕ್ಕೆ ತಪ್ಪುತ್ತದೆ. ಅವಳು ನಿಂತಿದ್ದಾಳೆಂದು ಪೆಟ್ಟಿಗೆ ಕೂಗುವುದಿಲ್ಲ.

ಈ ಲೆಕ್ಕವನ್ನು ನಿಮ್ಮ ಯಜಮಾನರಿಗೂ ಮಗನಿಗೂ ಒಟ್ಟಿಗೇ ತೋರಿಸಿ. ನೀವು ಶಿಕ್ಷಕಿ, ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಒಣ ರಸ್ತೆ, ಒಳ್ಳೆಯ ಬ್ರೇಕು, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ನೂರರಲ್ಲಿರುವ ಕಾರು ಆ ಒಂದೂವರೆ ಸೆಕೆಂಡಿನಲ್ಲಿ 42 ಮೀಟರ್, ಬ್ರೇಕು ಹಿಡಿದ ಮೇಲೆ 55 ಮೀಟರ್, ಒಟ್ಟು ಸುಮಾರು 97 ಮೀಟರಿಗೆ ನಿಲ್ಲುತ್ತದೆ. 130ರ ಕಾರಿಗೆ ಸುಮಾರು 147 ಮೀಟರ್ ಬೇಕು. ಇಷ್ಟನ್ನು ಎಲ್ಲರೂ ಊಹಿಸುತ್ತಾರೆ. ಯಾರೂ ಊಹಿಸದ್ದು ಇದು: ಮೊದಲ ಕಾರು ಪೂರ್ತಿ ನಿಂತ ಆ 97ನೇ ಮೀಟರಿನಲ್ಲಿ, ಎರಡನೆಯ ಕಾರು ಬ್ರೇಕು ಒತ್ತಿಕೊಂಡೇ ಇದ್ದರೂ ಇನ್ನೂ ಗಂಟೆಗೆ 95 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ಹೊರೆ ಹೊತ್ತ ಹೆಂಗಸು ನಿಂತಿರುವುದು 97ನೇ ಮೀಟರಿನಲ್ಲಿ ಎಂದುಕೊಳ್ಳಿ. ಹುಡುಗನಿಗೆ ಈ ಲೆಕ್ಕ ತಾನೇ ಮಾಡಲು ಬಿಡಿ. 'ಅಪ್ಪಾ, ಬ್ರೇಕ್!' ಎನ್ನುವುದರ ಅರ್ಥ ಅವನಿಗೆ ಬೇರೆಯೇ ಆಗುತ್ತದೆ. ಪೆಟ್ಟಿಗೆ ಕೂಗಿದಾಗ ತಟ್ಟನೆ ಬ್ರೇಕು ಒತ್ತುವುದು ಹಿಂದಿನ ಗಾಡಿಯವರಿಗೆ ಎಂಥ ಗಂಡಾಂತರ ಎನ್ನುವುದನ್ನೂ ಅದೇ ಲೆಕ್ಕ ಹೇಳುತ್ತದೆ.

ಉಳಿಯುವ ಸಮಯ ಎಷ್ಟು ನೋಡಿ. ಇಡೀ 118 ಕಿಲೋಮೀಟರನ್ನು ಎಲ್ಲೂ ನಿಲ್ಲದೆ ನೂರರಲ್ಲಿ ಹೋದರೆ 71 ನಿಮಿಷ, 130ರಲ್ಲಿ ಸುಮಾರು 55. ನಡುವೆ ಗಣಂಗೂರಿನ ಟೋಲು, ಬೆಂಗಳೂರಿನ ಹತ್ತಿರ ಇನ್ನೊಂದು ಟೋಲು. ಅದಾದ ಮೇಲೆ ಕೆಂಗೇರಿಯ ಕಡೆ ಬೆಳಗಿನ ದಟ್ಟಣೆಯಲ್ಲಿ ಆ ಹದಿನಾರು ನಿಮಿಷ ಎಲ್ಲಿ ಕರಗಿತೆಂದೇ ತಿಳಿಯುವುದಿಲ್ಲ.

ಬಚ್ಚಿಡುವುದು ಬೇಡ ತಾಯಿ. ಬಚ್ಚಿಟ್ಟರೆ ಮಾತು ಪೆಟ್ಟಿಗೆಯ ಮೇಲೆ ನಿಲ್ಲುತ್ತದೆ, ವೇಗ ಮರೆಗೆ ಸರಿಯುತ್ತದೆ. 'ನನ್ನ ತಮ್ಮ ಪ್ರೀತಿಯಿಂದ ಕೊಟ್ಟಿದ್ದು' ಎಂಬ ಮಾತು ಬಂದರಂತೂ ನಿಮ್ಮ ಭಯವನ್ನು ಕೇಳುವವರೇ ಇರುವುದಿಲ್ಲ. ಕಾರಿನಲ್ಲಿ ಕೂತು ಹೇಳುವುದೂ ಬೇಡ, ಸ್ಟಿಯರಿಂಗ್ ಹಿಡಿದ ಗಂಡಸಿಗೆ ಪಕ್ಕದಿಂದ ಬರುವ ಎಲ್ಲ ಮಾತೂ ಟೀಕೆಯಾಗಿಯೇ ಕೇಳುತ್ತದೆ. ಭಾನುವಾರ ತಿಂಡಿಯಾದ ಮೇಲೆ, ಕಾಫಿ ಲೋಟ ಕೈಯಲ್ಲಿರುವಾಗ ಇಷ್ಟೇ ಹೇಳಿ: 'ಈ ಕಾರು ನನ್ನ ಹೆಸರಲ್ಲಿದೆ. ಇದರಿಂದ ಯಾರಿಗಾದರೂ ಏನಾದರೂ ಆದರೆ ನನಗೆ ತಡಕೊಳ್ಳೋಕೆ ಆಗಲ್ಲ. ನೀವು ವಾಪಸು ಬರೋ ತನಕ ನಾನು ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂತಿರ್ತೀನಿ. ನನಗೋಸ್ಕರ ನೂರರ ಒಳಗೆ ಬನ್ನಿ.' ಕಾನೂನಿನ ಕಲಮುಗಳನ್ನು ಅವತ್ತು ತೆಗೆಯಬೇಡಿ. ಕಲಮಿಗೆ ಎದುರು ವಾದ ಇರುತ್ತದೆ, ಹೆಂಡತಿಯ ಕಾಯುವಿಕೆಗೆ ಇರುವುದಿಲ್ಲ.

ಅವರು ಒಪ್ಪಿದರೆ ಪೆಟ್ಟಿಗೆಯ ಜಾಗಕ್ಕೆ ಏನಾದರೂ ಬೇಕಲ್ಲ. 2019ರ ಜುಲೈ 1ರ ನಂತರ ತಯಾರಾದ ಕಾರಾದರೆ ಅದರಲ್ಲೇ ಎಚ್ಚರಿಕೆಯ ಸದ್ದಿದೆ: 80 ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ನಿಲ್ಲದೆ. ಅದನ್ನು ಯಾರಿಂದಲಾದರೂ ತೆಗೆಸಿದ್ದರೆ ಮತ್ತೆ ಹಾಕಿಸಿ. ಕ್ರೂಸ್ ಕಂಟ್ರೋಲ್ ಇದ್ದರೆ ತೊಂಬತ್ತೈದಕ್ಕೆ ಇಟ್ಟುಕೊಳ್ಳಲಿ. ಮೊಬೈಲಿನ ಮ್ಯಾಪು 'ಮುಂದೆ ಕ್ಯಾಮೆರಾ ಇದೆ' ಎಂದರೆ ಅದಕ್ಕೆ ಅಂಜಬೇಕಿಲ್ಲ. ಕ್ಯಾಮೆರಾ ಇರುವ ಕಡೆ ಮೊದಲೇ ಫಲಕ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮವೇ ಹೇಳುತ್ತದೆ. ಜನರು ನಿಧಾನವಾಗಲಿ ಎನ್ನುವುದೇ ಅದರ ಉದ್ದೇಶ. ವಾರದ ಮೂರು ದಿನಗಳಲ್ಲಿ ಒಂದು ದಿನವಾದರೂ ರೈಲು ಸಾಧ್ಯವೇ ಎಂದು ಕೇಳಿ ನೋಡಿ. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಮಾಡಿಸಿಕೊಂಡು ಓಡಾಡುವವರ ಬಳಗವೇ ಮೈಸೂರಿನಲ್ಲಿದೆ.

ಅವರು ಒಪ್ಪದೆ ಹೋದರೆ, ಮಗನನ್ನು ಆ ಕಾರಿನಲ್ಲಿ ಹೆದ್ದಾರಿಗೆ ಕಳಿಸುವುದಿಲ್ಲ ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ನಿಮ್ಮ ಮಾವನವರು ಇಲ್ಲವೆ ಮೈದುನ, ಯಾರ ಮಾತಿಗೆ ಅವರು ಬೆಲೆ ಕೊಡುತ್ತಾರೋ ಅವರ ಸಹಾಯ ಕೇಳುವುದರಲ್ಲಿ ಸಂಕೋಚ ಬೇಡ. ಉಡುಗೊರೆ ಕೊಟ್ಟವನೇ 'ಅಣ್ಣಾ, ತೆಗೆದುಬಿಡು' ಎಂದರೆ ಅರ್ಧ ಕೆಲಸ ಆದ ಹಾಗೆ. ತನ್ನ ಊರಿನಲ್ಲಿ ನಿಷಿದ್ಧ ಎಂದು ಕಳಚಿದ್ದನ್ನು ಅಣ್ಣನ ಕಾರಿಗೆ ಹಾಕಿದ್ದು ಸರಿಯಾಗಲಿಲ್ಲ ಎಂದು ಅವನಿಗೂ ಅನ್ನಿಸೀತು.

ಆ ಎರಡು ಚಲನ್‌ಗಳನ್ನು ರಿಯಾಯಿತಿಗಾಗಿ ಇಟ್ಟುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಅರ್ಧ ದಂಡದ ಅವಕಾಶ ಕೊಟ್ಟಿದ್ದು ನಿಜ, ಅದರ ದಾರಿ ಕಾಯುವ ಅಭ್ಯಾಸ ಊರಿಗೆಲ್ಲ ಹತ್ತಿಕೊಂಡಿದೆ. ಪರಿವಾಹನ್ ತಾಣದಲ್ಲಿ ಫೋಟೊ, ದಿನಾಂಕ, ಜಾಗ ಸರಿಯಿದೆಯೇ ನೋಡಿ ಈ ವಾರವೇ ಕಟ್ಟಿಬಿಡಿ. ಹಣ ಅವರ ಖಾತೆಯಿಂದ ಹೋಗಲಿ, ರಸೀದಿಯನ್ನು ನೀವು ಆರ್.ಸಿ.ಯ ಜೊತೆ ಇಟ್ಟುಕೊಳ್ಳಿ.