ಮಧ್ಯಸ್ಥಿಕೆಯೋ ಆರ್ಬಿಟ್ರೇಷನ್ನೋ: ಸಹಿಗೆ ಮುಂಚೆ

ಪಾಲುವಿಭಾಗದ ದಾವೆ ಹೂಡಿದವರಿಗೆ ನ್ಯಾಯಾಧೀಶರು ‘ಮಧ್ಯಸ್ಥಿಕೆಗೆ ಹೋಗಿ ಬನ್ನಿ’ ಎಂದರೆ ಕೇಸು ಕೈಬಿಟ್ಟಿತೇನೋ ಎಂಬ ಅಳುಕು ಹುಟ್ಟುತ್ತದೆ. ಹಾಗೇನಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ಅವರಿಗೆ ಆ ಅಧಿಕಾರವಿದೆ. ರಾಜಿ ಕುದುರದಿದ್ದರೆ ದಾವೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ. ಉಳಿದ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುತ್ತಾರೆ, ಬೇಕೆನಿಸಿದರೆ ಬೇರೆಬೇರೆಯಾಗಿ ಮಾತಾಡಿಸುತ್ತಾರೆ. ಬೋರ್‌ವೆಲ್ ನೀರು ಯಾರಿಗೆ, ಹಿಂದಿನ ಹೊಲಕ್ಕೆ ದಾರಿ ಎಲ್ಲಿ, ತಾಯಿಯ ಔಷಧಿ ಖರ್ಚು ಯಾರದು: ದಾವಾ ಅರ್ಜಿಯಲ್ಲಿ ಇಲ್ಲದ ಇಂಥವೂ ಅಲ್ಲಿ ಇತ್ಯರ್ಥವಾಗುತ್ತವೆ. ಅದೇ ಅದರ ದೊಡ್ಡ ಲಾಭ ಎಂದು ನನ್ನ ಅನಿಸಿಕೆ. ಮಾತಿನ ಭರದಲ್ಲಿ ‘ಐದು ಗುಂಟೆ ಬಿಟ್ಟೆ’ ಎಂದಿದ್ದರೂ, ರಾಜಿ ಮುರಿದರೆ ಅದನ್ನು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ.

ರಾಜಿಯಾದರೆ ಷರತ್ತುಗಳನ್ನು ಬರೆದು, ಸಹಿ ಹಾಕಿ, ಕೋರ್ಟಿಗೆ ಸಲ್ಲಿಸಬೇಕು. ಅದರಂತೆ ಡಿಕ್ರಿ ಆಗುತ್ತದೆ. ಎಡವುವುದು ಇಲ್ಲೇ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಸಹಿ ಹಾಕಿದರೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲುದಾರರು. ದಾವೆಯಲ್ಲಿ ಅಪ್ರಾಪ್ತ ವಯಸ್ಸಿನವರಿದ್ದರೆ ಅವರ ಪರವಾಗಿ ರಾಜಿಯಾಗಲು ಕೋರ್ಟಿನ ಅನುಮತಿ ಬೇಕು.

ಆರ್ಬಿಟ್ರೇಷನ್ ಬೇರೆಯೇ ಬಗೆ. ಅಲ್ಲಿ ನಿರ್ಧಾರ ನಿಮ್ಮ ಕೈಯಲ್ಲಿರುವುದಿಲ್ಲ. ಆರ್ಬಿಟ್ರೇಟರ್ ಕೊಡುವ ತೀರ್ಪು, ಅಂದರೆ ಅವಾರ್ಡ್, ಡಿಕ್ರಿಯಂತೆ ಜಾರಿಯಾಗುತ್ತದೆ. ನಡೆಯುತ್ತಿರುವ ದಾವೆಯನ್ನು ಮಧ್ಯಸ್ಥಿಕೆಗೆ ಕಳಿಸಲು ಕೋರ್ಟಿಗೆ ನಿಮ್ಮ ಒಪ್ಪಿಗೆ ಬೇಕಿಲ್ಲ, ಆರ್ಬಿಟ್ರೇಷನ್‌ಗೆ ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆದರೆ ಸಾಲದ ಪತ್ರ, ಕಂಟ್ರಾಕ್ಟರ್ ಕರಾರುಗಳಲ್ಲಿ ಆ ಒಪ್ಪಿಗೆ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಮೊದಲೇ ಸೇರಿರುತ್ತದೆ. ಆಮೇಲೆ ಸಿವಿಲ್ ದಾವೆ ಹಾಕಿದರೂ ಎದುರಾಳಿ ಆ ಷರತ್ತು ತೋರಿಸಿ ಸಕಾಲದಲ್ಲಿ ಅರ್ಜಿ ಹಾಕಿದರೆ ಕೋರ್ಟು ಸಾಮಾನ್ಯವಾಗಿ ಅತ್ತಲೇ ಕಳಿಸುತ್ತದೆ. ಆರ್ಬಿಟ್ರೇಟರ್ ಶುಲ್ಕವನ್ನೂ ಪಕ್ಷಗಾರರೇ ಭರಿಸಬೇಕು. ಅವಾರ್ಡನ್ನು ಪ್ರಶ್ನಿಸಲು ಮೂರು ತಿಂಗಳ ಗಡುವು, ತಕ್ಕ ಕಾರಣವಿದ್ದರೆ ಮತ್ತೆ 30 ದಿನ, ಅಷ್ಟೇ. ಆಗಲೂ ಕೋರ್ಟು ಸಾಕ್ಷ್ಯವನ್ನು ಹೊಸದಾಗಿ ತೂಗಿನೋಡುವುದಿಲ್ಲ.

ಎದುರಾಳಿ ಕಂಪನಿ ತಾನಾಗಿಯೇ ಆರಿಸಿದ ಆರ್ಬಿಟ್ರೇಟರನ್ನು ಕೂರಿಸಿದರೆ ಸುಮ್ಮನಿರಬೇಡಿ. ಲಿಖಿತ ಆಕ್ಷೇಪಣೆ ಸಲ್ಲಿಸಿ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪಿತ್ತಿದೆ. ಇನ್ನು ಫ್ಲಾಟ್ ಕೊಂಡವರು ಗ್ರಾಹಕರೂ ಹೌದು: ಬಿಲ್ಡರ್ ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದ್ದರೂ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು.